ಬಿದ್ದ ಕಲ್ಲಿನ ಊರು ಯಾವುದು?

ಕುಜನೆಂದರೆ ನಮ್ಮ ಮನೆಗಳಲ್ಲಿ ಮದುವೆಯ ಮಾತು ಎದ್ದಾಗ ನೆನಪಾಗುವ ಗ್ರಹ. ಜಾತಕವನ್ನು ಬಿಡಿಸಿ, ಆತನು ಯಾವ ಮನೆಯಲ್ಲಿ ಕುಳಿತಿರುವನೆಂದು ನೋಡಿ, ಹೆಣ್ಣಿನ ತಂದೆಯು ನಿಟ್ಟುಸಿರು ಬಿಡುವುದೋ ಸಮಾಧಾನಗೊಳ್ಳುವುದೋ ನಡೆದುಬಂದ ಪದ್ಧತಿ. ಆ ವಿಚಾರವನ್ನು ಜೋಯಿಸರಿಗೇ ಬಿಟ್ಟು, ಈ ತಿಂಗಳು ನಾವು ಅದೇ ಕುಜನ ವಿಷಯವಾಗಿ ಬೇರೊಂದು ಸಂಗತಿಯನ್ನು ವಾಚಕರ ಮುಂದಿಡಬೇಕೆಂದಿದ್ದೇವೆ. ಕುಜನ ನೆಲದ ಒಂದು ತುಂಡು ೧೮೬೫ನೆಯ ಇಸವಿಯಿಂದಲೂ ನಮ್ಮ ದೇಶದಲ್ಲಿದೆ. ಆ ವರುಷದ ಆಗಸ್ಟ್ ೨೫ರಂದು ಬೆಳಗಿನ ಸುಮಾರು ೯ ಗಂಟೆಗೆ ಬಿಹಾರ ಪ್ರಾಂತದ ಗಯಾ ಸೀಮೆಯ ಶೇರ್‌ಘಾಟಿ ಎಂಬಲ್ಲಿ ಅದು ಆಕಾಶದಿಂದ ಬಿದ್ದಿತು. ತೂಕ ಸುಮಾರು ೫ ಕಿಲೋಗ್ರಾಂ. ಅದರ ದೊಡ್ಡ ಪಾಲು ಕಲ್ಕತ್ತೆಯಲ್ಲಿ ಭಾರತದ ಭೂವಿಜ್ಞಾನ ಇಲಾಖೆಯವರ ವಶದಲ್ಲಿದೆ.

ಕುಜನ ಮೇಲೆ ಈವರೆಗೆ ಯಾವ ಮನುಷ್ಯನೂ ಕಾಲಿಟ್ಟಿಲ್ಲ. ಅಲ್ಲಿಗೆ ಹೋದ ಯಂತ್ರಗಳಲ್ಲಿ ಒಂದಾದರೂ ಚಿಟಿಕೆ ಮಣ್ಣನ್ನು ಹಿಂದಕ್ಕೆ ತಂದಿಲ್ಲ. ಹೀಗಿರಲು, ಈ ಕಲ್ಲು ಕುಜನದೆಂದು ಹೇಳಿದವರು ಯಾರು? ಅವರ ಮಾತನ್ನು ನಾವು ಯಾವ ಆಧಾರದಿಂದ ನಂಬಬೇಕು?

ತರ್ಕಸಂಗ್ರಹವನ್ನು ಓದಿದವರಿಗೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳು ಪರಿಚಿತವೇ ಆಗಿವೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅನುಮಾನ. ನಂಬತಕ್ಕವನ ಮಾತಿನಿಂದ ತಿಳಿಯುವುದು ಶಬ್ದ. ಆಕಾಶದ ಕಲ್ಲುಗಳ ಚರಿತ್ರೆಯಲ್ಲಿ ಎರಡು ಪ್ರಶ್ನೆಗಳಿವೆ. ಕಲ್ಲು ಮೇಲಿನಿಂದ ಬಿದ್ದುದು ನಿಜವೇ ಎಂಬುದು ಮೊದಲನೆಯದು. ಅದು ಕಂಡವರ ಬಾಯಿಮಾತಿಗೆ ಸೇರಿದ್ದು. ಎಲ್ಲಿಂದ ಬಿದ್ದಿತು ಎಂಬುದು ಎರಡನೆಯದು. ಅದು ಅನುಮಾನಕ್ಕೆ ಸೇರಿದ್ದು. ಎರಡನೆಯದೇ ಕಷ್ಟವೆಂದು ಯಾರಿಗಾದರೂ ತೋರಬಹುದು. ಆದರೆ ಪಂಡಿತರು ಹೆಚ್ಚು ಕಾಲ ಎಡವಿದ್ದು ಮೊದಲನೆಯದರಲ್ಲಿಯೇ.

ನಮ್ಮ ಹಿಂದಿನವರಿಗೆ ಈ ವಿಷಯದಲ್ಲಿ ಸಂಶಯವಿದ್ದಂತೆ ತೋರುವುದಿಲ್ಲ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಉಲ್ಕೆಗಳನ್ನು ಐದು ಬಗೆಯಾಗಿ ವಿಂಗಡಿಸಿ, ಅಶನಿಯೆಂಬುದು ಮಹಾಶಬ್ದದೊಡನೆ ಮನೆ ಮರಗಳ ಮೇಲೆ ಬಿದ್ದು ನೆಲವನ್ನು ಸೀಳುವುದೆಂದು ಹೇಳಿದ್ದಾನೆ. ಇದರಿಂದ ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಹಿಗ್ಗುವವರ ಗುಂಪಿಗೆ ನಾವು ಸೇರಿದವರಲ್ಲ. ಆತನು ಅದನ್ನು ಶಕುನವೆಂದು ಎಣಿಸಿ ಫಲವನ್ನು ಹೇಳಿದನೇ ಹೊರತು, ಬಿದ್ದುದು ಏತರಿಂದಾದುದೆಂದು ವಿಚಾರಿಸಲಿಲ್ಲ. ಮೊಗಲ ಬಾದಶಹನಾದ ಜಹಾಂಗೀರನಾದರೋ ಒಂದು ಹೆಜ್ಜೆ ಮುಂದೆ ಹೋದನು. ೧೬೨೧ನೆಯ ಇಸವಿಯ ಏಪ್ರಿಲಿನಲ್ಲಿ ಜಾಲಂಧರದ ಸೀಮೆಯ ಒಂದು ಹಳ್ಳಿಯಲ್ಲಿ ಬೆಳಕೂ ಭಯಂಕರ ಶಬ್ದವೂ ಉಂಟಾಗಿ ನೆಲ ಸುಟ್ಟುಹೋಯಿತು. ಅಲ್ಲಿಯ ಅಧಿಕಾರಿಯು ಅಗೆಸಿ ನೋಡಲು ಬಿಸಿಯಾದ ಕಬ್ಬಿಣದ ಗಟ್ಟಿಯೊಂದು ದೊರೆಯಿತು. ಬಾದಶಹನು ಅದನ್ನು ತನ್ನೆದುರಿನಲ್ಲಿ ತೂಗಿಸಿದಾಗ ೧೬೦ ತೊಲವಾಯಿತು. ಉಸ್ತಾದ ದಾವೂದನೆಂಬ ಕಮ್ಮಾರನು, ಬರಿಯ ಆ ಕಬ್ಬಿಣವು ಸುತ್ತಿಗೆಯ ಪೆಟ್ಟಿಗೆ ಒಡೆದುಹೋಗುವುದನ್ನು ಕಂಡು, ಮೂರು ಪಾಲಿಗೆ ಒಂದು ಪಾಲು ಬೇರೆ ಕಬ್ಬಿಣವನ್ನು ಬೆರೆಸಿ ಎರಡು ಕತ್ತಿಗಳನ್ನೂ ಒಂದು ಕಠಾರಿಯನ್ನೂ ಒಂದು ಚೂರಿಯನ್ನೂ ಮಾಡಿದನಂತೆ. ಇದೆಲ್ಲವನ್ನೂ ಬಾದಶಹನು ತನ್ನ ದಿನಚರಿಯಲ್ಲಿಯೇ ಬರೆಯಿಸಿದ್ದಾನೆ.

ಇದಾದ ಸುಮಾರು ಒಂದೂವರೆ ಶತಮಾನದ ಮೇಲೆ, ೧೭೬೮ರಲ್ಲಿ, ಫ್ರಾನ್ಸ್ ದೇಶದ ಲ್ಯೂಸೆ ಎಂಬ ಗ್ರಾಮದ ಬಳಿ ಕಲ್ಲೊಂದು ಬಿದ್ದಿತು. ಹೊಲದಲ್ಲಿದ್ದವರು ಶಬ್ದವನ್ನು ಕೇಳಿದರು, ಬೀಳುವುದನ್ನು ಕಂಡರು, ಮುಟ್ಟಲಾರದಷ್ಟು ಬಿಸಿಯಾಗಿದ್ದುದನ್ನು ಹೇಳಿದರು. ಪ್ಯಾರಿಸಿನ ವಿದ್ವತ್ಸಭೆಯು ಮೂವರನ್ನು ಪರೀಕ್ಷೆಗೆ ನೇಮಿಸಿತು. ಅವರಲ್ಲಿ ಒಬ್ಬನು ಮುಂದೆ ಜಗತ್ಪ್ರಸಿದ್ಧನಾದ ರಸಾಯನಜ್ಞ ಲವಾಸಿಯೆ. ಇದು ನೆಲದ ಕಲ್ಲೇ, ಇದಕ್ಕೆ ಸಿಡಿಲು ಬಡಿದಿರಬೇಕು ಎಂಬುದು ಅವರ ತೀರ್ಪು. ಲವಾಸಿಯೆಯನ್ನು ಇದಕ್ಕಾಗಿ ಹಾಸ್ಯಮಾಡುವುದು ಸುಲಭ; ನಮಗೆ ಅದು ಸರಿಕಾಣುವುದಿಲ್ಲ. ಮೇಲೆ ಕಲ್ಲಿದೆಯೆಂದು ತಿಳಿಯದ ಕಾಲದಲ್ಲಿ, ಕಲ್ಲು ಬಿದ್ದಿತೆಂಬ ಮಾತಿಗೆ ಸುಲಭವಾದ ಕಾರಣವನ್ನು ಹುಡುಕುವುದು ವಿವೇಕಿಯ ಲಕ್ಷಣವೇ. ಅವರ ತಪ್ಪಿರುವುದು ಬೇರೆ ಕಡೆ: ಕಂಡವನು ರೈತನೆಂಬ ಕಾರಣಕ್ಕೆ ಅವನ ಕಣ್ಣನ್ನೂ ಹಗುರವಾಗಿ ಎಣಿಸಿದರು.

ಈ ಗಂಟನ್ನು ಬಿಡಿಸುವುದರಲ್ಲಿ ನಮ್ಮ ಕಾಶಿಯ ಸಮೀಪದ ಹಳ್ಳಿಗರ ಪಾಲು ದೊಡ್ಡದು. ೧೭೯೮ನೆಯ ಇಸವಿ ಡಿಸೆಂಬರ್ ೧೯. ರಾತ್ರಿ ಸುಮಾರು ೮ ಗಂಟೆ. ಎಂಟು ದಿನಗಳಿಂದ ಮೋಡದ ಎಳೆಯೂ ಇಲ್ಲದ ತಿಳಿಯಾದ ಆಕಾಶದಲ್ಲಿ ಬೆಂಕಿಯ ದೊಡ್ಡ ಉಂಡೆಯೊಂದು ಹಾದುಹೋಗಿ, ಗುಡುಗಿನಂತಹ ಶಬ್ದವಾಗಿ, ಭಾರವಾದ ವಸ್ತುಗಳು ನೆಲಕ್ಕೆ ಬೀಳುವ ಸದ್ದು ಕೇಳಿಸಿತು. ಸ್ಥಳವು ಕಾಶಿಗೆ ೧೪ ಮೈಲಿಯ ದೂರದಲ್ಲಿ, ಗೋಮತಿಯ ಉತ್ತರದ ದಡದ ಕ್ರಖೂತ್ ಎಂಬ ಹಳ್ಳಿ. ವಿಚಾರಿಸಲು ಬಂದವನಿಗೆ ಹಳ್ಳಿಯವರು, ಸಿಕ್ಕಿದ ಕಲ್ಲುಗಳನ್ನು ಒಡೆದೋ ಹಂಚಿಯೋ ಆಯಿತೆಂದೂ, ಬೇಕಾದರೆ ಹೊಲಗಳಲ್ಲಿ ಹುಡುಕಬಹುದೆಂದೂ ಹೇಳಿದರು. ಆಗ ಪೈರು ಎರಡು ಮೂರು ಅಂಗುಲಕ್ಕಿಂತ ಎತ್ತರವಾಗಿರಲಿಲ್ಲ. ಆದಕಾರಣ ಹೊಸದಾಗಿ ಮಣ್ಣು ಕೆದರಿದ ಜಾಗ ಕಣ್ಣಿಗೆ ಬೀಳುತ್ತಿತ್ತು. ಹಾಗೆ ಹುಡುಕಿ ನಾಲ್ಕು ಕಲ್ಲುಗಳನ್ನು ತಂದರು; ಹೆಚ್ಚಿನವು ಆರು ಅಂಗುಲದಷ್ಟು ಹೂತುಕೊಂಡಿದ್ದವು. ಇನ್ನೊಂದು, ಸುಮಾರು ಎರಡು ಪೌಂಡು ತೂಕದ್ದು, ಊರಿನ ಕಾವಲುಗಾರನ ಗುಡಿಸಲಿನ ಮಾಡನ್ನು ತೂತುಮಾಡಿಕೊಂಡು ಗಟ್ಟಿಸಿದ ಮಣ್ಣಿನ ನೆಲದೊಳಗೆ ಇಳಿದಿತ್ತು. ಹೊರಗೆ ಅರಗು ಬಳಿದಂತೆ ಕಪ್ಪು ಪದರ. ಒಡೆದರೆ ಒಳಗೆ ಬೂದಿಬಿಳುಪು, ಅಲ್ಲಲ್ಲಿ ದುಂಡಗಿನ ಸಣ್ಣ ಕಾಳುಗಳು.

ಆ ಕಾವಲುಗಾರನ ಹೆಸರನ್ನು ಬರೆದಿಟ್ಟವರಿಲ್ಲ. ವೃತ್ತಾಂತವನ್ನು ಬರೆದು ಲಂಡನ್ನಿಗೆ ಕಳುಹಿಸಿದ ಜಾನ್ ಲಾಯ್ಡ್ ವಿಲಿಯಮ್ಸನ ಹೆಸರು ಉಳಿದಿದೆ. ಅಲ್ಲಿ ಎಡ್ವರ್ಡ್ ಹವರ್ಡ್ ಎಂಬ ರಸಾಯನಜ್ಞನು, ಖನಿಜಶಾಸ್ತ್ರವನ್ನು ಬಲ್ಲ ದ ಬೂರ್ನೋ ಎಂಬವನ ನೆರವಿನಿಂದ, ಕಾಶಿಯ ಕಲ್ಲನ್ನೂ ಇಟಲಿ, ಇಂಗ್ಲೆಂಡ್, ಬೊಹೀಮಿಯಗಳಲ್ಲಿ ಬಿದ್ದುವೆನ್ನಲಾದ ಕಲ್ಲುಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ೧೮೦೨ರಲ್ಲಿ ಫಲವನ್ನು ಪ್ರಕಟಿಸಿದನು. ನಾಲ್ಕರಲ್ಲಿಯೂ ಕಬ್ಬಿಣದ ಕಾಳುಗಳಿದ್ದವು, ಆ ಕಬ್ಬಿಣದಲ್ಲಿ ನಿಕ್ಕಲ್ ಬೆರೆತಿತ್ತು. ನೆಲದ ಕಲ್ಲುಗಳಲ್ಲಿ ಇಂತಹ ಕಬ್ಬಿಣ ಅತಿ ವಿರಳ. ಒಬ್ಬರನ್ನೊಬ್ಬರು ಎಂದೂ ಕಾಣದ, ಭಾಷೆ ತಿಳಿಯದ, ನಾಲ್ಕು ದೇಶಗಳ ಹಳ್ಳಿಗರು ಒಂದೇ ಸುಳ್ಳನ್ನು ಹೇಳಿ, ಅದಕ್ಕೆ ಒಂದೇ ಬಗೆಯ ಕಲ್ಲನ್ನು ಹೊಂದಿಸಿಕೊಟ್ಟರೆಂದು ವಾದಿಸುವುದು ಇನ್ನು ಸಾಧ್ಯವಾಗಲಿಲ್ಲ. ಇದಕ್ಕೆ ಮೊದಲೇ, ೧೭೯೪ರಲ್ಲಿ, ಕ್ಲಾಡ್ನಿ ಎಂಬ ಜರ್ಮನ್ ಪಂಡಿತನು ಹಳೆಯ ವೃತ್ತಾಂತಗಳನ್ನೆಲ್ಲ ಕಲೆಹಾಕಿ ಅದೇ ನಿರ್ಣಯಕ್ಕೆ ಬಂದಿದ್ದನು. ನ್ಯಾಯಶಾಸ್ತ್ರವನ್ನು ಓದಿದವನಾದುದರಿಂದ ಸಾಕ್ಷಿಗಳನ್ನು ತೂಗುವ ಬಗೆ ಅವನಿಗೆ ತಿಳಿದಿತ್ತು. ೧೮೦೩ರಲ್ಲಿ ಫ್ರಾನ್ಸಿನ ಲೇಗ್ಲ್ ಎಂಬಲ್ಲಿ ಸುಮಾರು ಮೂರು ಸಾವಿರ ಕಲ್ಲುಗಳು ಒಮ್ಮೆಗೇ ಸುರಿದು, ಬಿಯೋ ಎಂಬ ಯುವಕ ವಿದ್ವಾಂಸನು ಊರೂರು ತಿರುಗಿ ವಿಚಾರಿಸಿ ವರದಿಯನ್ನೊಪ್ಪಿಸಿದ ಮೇಲೆ ವಿವಾದ ಮುಗಿದಂತಾಯಿತು.

ನಮ್ಮ ಸೀಮೆಯಲ್ಲಿಯೂ ಇಂತಹವು ಬಿದ್ದಿವೆ. ಶೇರ್‌ಘಾಟಿಯ ಕಲ್ಲು ಬಿದ್ದ ೧೮೬೫ರಲ್ಲಿಯೇ, ಪಟ್ಟಿಗಳಲ್ಲಿ ಮುದ್ದೂರು ಎಂದು ಬರೆದಿರುವ ಮೈಸೂರು ಸೀಮೆಯ ಊರಿನಲ್ಲಿ ಒಂದು, ಮರುವರುಷ ಉಡುಪಿಯಲ್ಲಿ ಒಂದು. ಇವು ಕಾಶಿಯ ಕಲ್ಲಿನಂತೆ ಸಾಮಾನ್ಯ ಜಾತಿಯವು. ಆದುದರಿಂದ ವಾಚಕರಲ್ಲಿ ಯಾರ ಹಿತ್ತಿಲಿಗಾದರೂ ಇಂತಹ ಅತಿಥಿಯು ಬಂದರೆ ಮಾಡತಕ್ಕದ್ದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಕಲ್ಲನ್ನು ತೊಳೆಯಬಾರದು, ನೀರು ತಾಗಿದರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ನೆನಪಿಗೆಂದು ಒಡೆದು ಹಂಚಿಕೊಳ್ಳಬಾರದು. ಒಣಗಿದ ಶುಭ್ರವಾದ ಕಾಗದದಲ್ಲಿ ಸುತ್ತಿಟ್ಟು, ದಿನವನ್ನೂ ಗಂಟೆಯನ್ನೂ ಬಂದ ದಿಕ್ಕನ್ನೂ ಕೇಳಿದ ಶಬ್ದವನ್ನೂ ಆಗಲೇ ಬರೆದಿಟ್ಟು, ಭೂವಿಜ್ಞಾನ ಇಲಾಖೆಗೆ ತಿಳಿಸಬೇಕು. ಈ ದೇಶದಲ್ಲಿ ಉಲ್ಕಾಶಿಲೆಗಳ ಪಾಲನೆ ಅವರದು.

ಇನ್ನು ಎರಡನೆಯ ಪ್ರಶ್ನೆ. ಶೇರ್‌ಘಾಟಿಯ ಕಲ್ಲಿನಲ್ಲಿ ಕಾಶಿಯ ಕಲ್ಲಿನಂತಹ ಕಾಳುಗಳಿಲ್ಲ. ಅದು ಜ್ವಾಲಾಮುಖಿಯ ಕಲ್ಲಿನಂತೆ ಕರಗಿ ಆರಿದ ಕಲ್ಲು. ೧೮೭೨ರಲ್ಲಿ ವಿಯೆನ್ನಾದ ಚೆರ್ಮಾಕ್ ಎಂಬ ಪಂಡಿತನು ಅದರಲ್ಲಿ ಹೊಸದೊಂದು ಗಾಜನ್ನು ಕಂಡನು. ನಮ್ಮ ಮನೆಗಳ ಕಲ್ಲುಚಪ್ಪಡಿಗಳಲ್ಲಿ ಬೆಳ್ಳಗೋ ನಸುಗೆಂಪಾಗಿಯೋ ಹೊಳೆಯುವ ಕಣಗಳಿವೆಯಷ್ಟೆ. ಆ ಜಾತಿಯ ಖನಿಜವೇ ಆಕಾರ ಕೆಡದೆ ಗಾಜಾಗಿತ್ತು. ಭಾರಿಯಾದ ಆಘಾತದಿಂದ ಹೀಗಾಗುವುದೆಂದು ೧೯೬೩ರಲ್ಲಿ ಪ್ರಯೋಗದಿಂದ ತೋರಿಸಲಾಯಿತು. ಅಂದರೆ ಈ ಕಲ್ಲು ಹುಟ್ಟಿದ ಮೇಲೆ ಎಲ್ಲಿಯೋ ಭಯಂಕರವಾದ ಪೆಟ್ಟನ್ನು ತಿಂದಿದೆ.

ಇದರ ಬಂಧುಗಳೆಂದು ಇನ್ನೆರಡನ್ನು ಗುರುತಿಸಿದರು: ೧೮೧೫ರಲ್ಲಿ ಫ್ರಾನ್ಸಿನ ಶಾಸಿನ್ಯಿಯಲ್ಲಿ ಬಿದ್ದದ್ದು, ೧೯೧೧ರಲ್ಲಿ ಈಜಿಪ್ಟಿನ ನಖ್ಲಾದಲ್ಲಿ ಬಿದ್ದದ್ದು. (ನಖ್ಲಾದ ಕಲ್ಲು ನಾಯಿಯೊಂದರ ಮೇಲೆ ಬಿದ್ದು ಅದನ್ನು ಬೂದಿಮಾಡಿತೆಂದು ಒಬ್ಬ ರೈತನು ಹೇಳಿದ ಕತೆಯುಂಟು, ನಾಯಿಯ ಕುರುಹು ಏನೂ ಸಿಗಲಿಲ್ಲ. ಹಳ್ಳಿಗನ ಮಾತೆಲ್ಲ ವೇದವಾಕ್ಯವೆಂದು ನಾವು ಹೇಳುತ್ತಿಲ್ಲವೆಂಬುದಕ್ಕೆ ಇದನ್ನು ಬರೆದೆವು.) ಇವುಗಳಲ್ಲಿರುವ ಆಮ್ಲಜನಕದ ಮೂರು ಬಗೆಯ ಪರಮಾಣುಗಳ ಪ್ರಮಾಣವನ್ನು ಅಳೆದಾಗ ಮೂರೂ ಒಂದೇ ಗೋತ್ರದವೆಂದು ತಿಳಿಯಿತು, ಭೂಮಿಯ ಗೋತ್ರವಂತೂ ಅಲ್ಲ.

ವಿಸ್ಮಯವನ್ನು ಹುಟ್ಟಿಸಿದ್ದು ವಯಸ್ಸು. ಉಲ್ಕಾಶಿಲೆಗಳಲ್ಲಿ ಬಹುಪಾಲು ಸೌರಮಂಡಲದಷ್ಟೇ ಹಳೆಯವು, ಸುಮಾರು ೪೫೬ ಕೋಟಿ ವರ್ಷದವು. ನಖ್ಲಾದ ಕಲ್ಲು ಕರಗಿದ ಸ್ಥಿತಿಯಿಂದ ಗಟ್ಟಿಯಾಗಿ ಸುಮಾರು ೧೩೦ ಕೋಟಿ ವರ್ಷ ಮಾತ್ರ. ಬಟ್ಟಲಿನ ಗಂಜಿ ಬೇಗನೆ ಆರುತ್ತದೆ, ಹಂಡೆಯ ನೀರು ಇರುಳೆಲ್ಲ ಬೆಚ್ಚಗಿರುತ್ತದೆ. ಸಣ್ಣ ಕ್ಷುದ್ರಗ್ರಹಗಳು ಆರಿಹೋಗಿ ಎಷ್ಟೋ ಕಾಲವಾದ ಮೇಲೂ ಒಳಗೆ ಬೆಂಕಿಯನ್ನು ಉಳಿಸಿಕೊಂಡ ದೊಡ್ಡ ಗ್ರಹವೊಂದು ಈ ಕಲ್ಲಿನ ತೌರಾಗಿರಬೇಕು. ಕುಜನಲ್ಲಿ ಮಹಾಜ್ವಾಲಾಮುಖಿಗಳಿರುವುದು ೧೯೭೧ರಿಂದ ಕಳುಹಿಸಿದ ಚಿತ್ರಗಳಲ್ಲಿಯೇ ಕಂಡಿತ್ತು.

ಅನೇಕರು ಒಪ್ಪಲಿಲ್ಲ, ಅವರ ಆಕ್ಷೇಪಣೆಯೂ ಬಲವಾಗಿತ್ತು. ಕುಜನ ಸೆಳೆತವನ್ನು ಮೀರಿ ಹೊರಡಬೇಕಾದರೆ ಕಲ್ಲು ಸೆಕೆಂಡಿಗೆ ೫ ಕಿಲೋಮೀಟರು ವೇಗವನ್ನು ಪಡೆಯಬೇಕು. ತುಪಾಕಿಯ ಗುಂಡಿಗಿಂತ ಐದಾರು ಪಟ್ಟಿನ ಆ ವೇಗವನ್ನು ಕೊಡುವ ಪೆಟ್ಟು ಕಲ್ಲನ್ನು ಪುಡಿಮಾಡದೆ, ಕರಗಿಸದೆ ಬಿಡುವುದೇ? ಉತ್ತರ ದಕ್ಷಿಣಧ್ರುವದ ಹಿಮದಿಂದ ಬಂದಿತು. ೧೯೮೨ರ ಜನವರಿಯಲ್ಲಿ ಅಲ್ಲಿ ಸಿಕ್ಕಿದ ಸಣ್ಣ ಕಲ್ಲೊಂದು, ೧೯೬೯ರಿಂದ ೧೯೭೨ರ ವರೆಗೆ ಯಾತ್ರಿಕರು ಚಂದ್ರನಿಂದ ತಂದ ಕಲ್ಲುಗಳಿಗೆ ಸರಿಹೊಂದಿತು. ಕ್ಷುದ್ರಗ್ರಹವೊಂದು ಅಪ್ಪಳಿಸಿದಾಗ ಚಂದ್ರನಿಂದ ಕಲ್ಲು ಇಡಿಯಾಗಿ ಸಿಡಿದುಬರುವುದಾದರೆ, ಕುಜನಿಂದ ಬರಲಾರದೆಂಬ ವಾದಕ್ಕೆ ಮೊದಲಿನ ಬಲ ಉಳಿಯಲಿಲ್ಲ.

ಅದೇ ಹಿಮಪ್ರದೇಶದಲ್ಲಿ ಶೇರ್‌ಘಾಟಿಯ ಗೋತ್ರದ ಸುಮಾರು ೮ ಕಿಲೋಗ್ರಾಂ ತೂಕದ ಕಲ್ಲೊಂದು ದೊರೆತಿತ್ತು. ಅದರೊಳಗೆ ಆಘಾತದಿಂದಾದ ಗಾಜಿನ ತುಣುಕುಗಳಿದ್ದವು. ಬಳೆಯ ಗಾಜಿನಲ್ಲಿ ಕೆಲವು ವೇಳೆ ಗುಳ್ಳೆಗಳಿರುವುದನ್ನು ಮನೆಯ ಹೆಂಗಸರು ನೋಡಿರಬಹುದು. ಬಳೆಯನ್ನು ಮಾಡಿದ ಕುಲುಮೆಯ ಗಾಳಿ ಅದರಲ್ಲಿ ಸೆರೆಯಾಗಿರುತ್ತದೆ. ೧೯೮೩ರಲ್ಲಿ ಡೊನಾಲ್ಡ್ ಬೊಗಾರ್ಡ್, ಪ್ರಾಟ್ ಜಾನ್ಸನ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಈ ಕಲ್ಲಿನ ಗಾಜನ್ನು ಕಾಯಿಸಿ ಒಳಗಿನ ವಾಯುವನ್ನು ಹೊರಡಿಸಿ ಅಳೆದರು. ಆರ್ಗಾನ್ ಎಂಬ ವಾಯುವಿನಲ್ಲಿ ಭಾರದ ಪರಮಾಣುಗಳೂ ಹಗುರದವೂ ಇವೆ. ನಮ್ಮ ಗಾಳಿಯಲ್ಲಿ ಹಗುರದೊಂದು ಬಗೆಗೆ ಭಾರದ್ದು ಸುಮಾರು ೩೦೦ ಪಟ್ಟು. ಕುಜನ ಗಾಳಿಯಲ್ಲಿ ಎರಡು ಮೂರು ಸಾವಿರ ಪಟ್ಟು. ೧೯೭೬ರಲ್ಲಿ ಕುಜನ ಮೇಲಿಳಿದ ವೈಕಿಂಗ್ ಯಂತ್ರಗಳು ಅಲ್ಲಿಯ ಗಾಳಿಯನ್ನು ಅಳೆದು ಲೆಕ್ಕವನ್ನು ಕಳುಹಿಸಿದ್ದವು. ಗಾಜಿನಿಂದ ಹೊರಟ ವಾಯುವು ಆ ಲೆಕ್ಕಕ್ಕೆ ಹೊಂದಿತು. ಆರ್ಗಾನ್ ಒಂದೇ ಅಲ್ಲದೆ ಕ್ರಿಪ್ಟಾನ್, ಕ್ಸೆನಾನ್‌ಗಳೂ, ಮುಂದೆ ಬೇರೆಯವರು ಅಳೆದ ಸಾರಜನಕವೂ ಹೊಂದಿದವು. ಯಾವ ಪೆಟ್ಟು ಕಲ್ಲನ್ನು ಊರು ಬಿಡಿಸಿತೋ ಅದೇ ಪೆಟ್ಟು ಆ ಊರಿನ ಗಾಳಿಯನ್ನು ಅದರ ಸೆರಗಿಗೆ ಕಟ್ಟಿ ಕಳುಹಿಸಿತ್ತು.

ಹೊಗೆ-ಬೆಂಕಿಯ ಅನುಮಾನಕ್ಕಿಂತ ಇದು ದೃಢವಾದುದೆಂದು ನಮ್ಮ ಅಭಿಪ್ರಾಯ. ಈಗ ಈ ಗೋತ್ರದ ಮುನ್ನೂರಕ್ಕೂ ಹೆಚ್ಚು ಕಲ್ಲುಗಳು ಪಟ್ಟಿಯಲ್ಲಿವೆ. ಇವುಗಳಲ್ಲಿ ದೊಡ್ಡ ಪಂಗಡಕ್ಕೆ ಶೇರ್‌ಘಾಟಿಯ ಹೆಸರೇ ನಿಂತಿದೆ. ಸಂಸ್ಕೃತದಲ್ಲಿ ಕು ಎಂದರೆ ಭೂಮಿ, ಕುಜನೆಂದರೆ ಭೂಮಿಯಿಂದ ಹುಟ್ಟಿದವನು. ಮಗನ ಮನೆಯಿಂದ ತಾಯಿಯ ಮನೆಗೆ ಇಷ್ಟು ಕಲ್ಲುಗಳು ಬಂದಿವೆಯೆಂದು ಕೇಳಿದ್ದರೆ ಹೆಸರಿಟ್ಟವರು ಏನೆನ್ನುತ್ತಿದ್ದರೋ!

ಅಲ್ಲಿಂದ ಬಂದವುಗಳಲ್ಲಿ ಒಂದರ ಚೂರು ಹಿಂದಿರುಗಿಯೂ ಇದೆ. ೧೯೯೯ರಲ್ಲಿ ಓಮಾನ್ ದೇಶದ ಮರಳುಗಾಡಿನಲ್ಲಿ ದೊರೆತ ಕುಜನ ಕಲ್ಲೊಂದರ ಸಣ್ಣ ಹೋಳನ್ನು ಪರ್ಸಿವಿಯರೆನ್ಸ್ ಎಂಬ ಯಂತ್ರವಾಹನಕ್ಕೆ ಜೋಡಿಸಿ ಕಳುಹಿಸಿದರು. ೨೦೨೧ರ ಫೆಬ್ರವರಿ ೧೮ರಂದು ಅದು ಕುಜನ ಮೇಲೆ ಇಳಿಯಿತು. ಅಂಗಡಿಯವನ ತಕ್ಕಡಿಯನ್ನು ಪರೀಕ್ಷಿಸಲು ಮುದ್ರೆಯೊತ್ತಿದ ತೂಕದ ಕಲ್ಲನ್ನು ಇಡುವಂತೆ, ಅಲ್ಲಿಯ ಬಂಡೆಗಳ ಖನಿಜಗಳನ್ನು ಗುರುತಿಸುವ ಉಪಕರಣವು ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡಲು ಈ ಹೋಳನ್ನು ಅದರ ಮುಂದಿಡುತ್ತಾರೆ.