ಅಂಗಡಿ ಮುಚ್ಚಿದರೂ ಲೆಕ್ಕ ಮುಚ್ಚಿಡಬೇಡಿ

ನಮ್ಮ ಹುಡುಗನೊಬ್ಬ ವ್ಯಾಪಾರದಲ್ಲಿ ಗೆದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ಸೋತರೆ ಮನೆಯವರು ಮೊದಲು ಮಾಡುವ ಕೆಲಸ ಅದನ್ನು ಮುಚ್ಚಿಡುವುದು. "ತಂಗಿಯ ಮದುವೆ ಆಗಬೇಕು, ಹೊರಗೆ ಹೇಳಬೇಡ" ಎನ್ನುತ್ತಾರೆ. ಕೆಲವು ತಿಂಗಳಲ್ಲಿ ಅವನು ಗಲ್ಫ್ ವಿಮಾನ ಹತ್ತುತ್ತಾನೆ. ಯಾಕೆ ಸೋತ ಎಂಬ ವಿಷಯವೂ ಅವನ ಜೊತೆಗೇ ಹೋಗುತ್ತದೆ. ಮರುವರ್ಷ ಸಂಬಂಧಿಕರ ಇನ್ನೊಬ್ಬ ಹುಡುಗ ಅದೇ ವ್ಯಾಪಾರಕ್ಕೆ ಇಳಿದು ಅದೇ ಹೊಂಡಕ್ಕೆ ಬೀಳುತ್ತಾನೆ.

ನಮ್ಮ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಓದಿದ ಅಪ್ರಮೇಯ ರಾಧಾಕೃಷ್ಣ ಅವರನ್ನು ನೋಡಿ. 2011ರಲ್ಲಿ ರಘುನಂದನ್ ಜೊತೆ ಬೆಂಗಳೂರಿನಲ್ಲಿ ಟ್ಯಾಕ್ಸಿಫಾರ್‌ಶ್ಯೂರ್ ಕಟ್ಟಿದರು. ಎದುರಾಳಿಗಳ ಬಳಿ ಬಂಡವಾಳ ಹೆಚ್ಚಿತ್ತು, ಬಾಡಿಗೆ ಇಳಿಸುವ ಪೈಪೋಟಿ ಜೋರಾಯಿತು. 2015ರಲ್ಲಿ ಓಲಾ ಅದನ್ನು ಸುಮಾರು 20 ಕೋಟಿ ಡಾಲರಿಗೆ ಕೊಂಡು, ಮರುವರ್ಷ ಆ ಸೇವೆಯನ್ನೇ ನಿಲ್ಲಿಸಿತು. 2020ರಲ್ಲಿ ಅಪ್ರಮೇಯ ಅವರು ಮಯಾಂಕ್ ಬಿದಾವತ್ಕಾ ಜೊತೆ 'ಕೂ' ಆರಂಭಿಸಿದರು. ಟ್ವಿಟರ್‌ನಂಥದ್ದೇ, ಆದರೆ ಕನ್ನಡದಂಥ ಭಾಷೆಗಳಿಗಾಗಿ. ಒಂದು ಹಂತದಲ್ಲಿ ದಿನಕ್ಕೆ 21 ಲಕ್ಷ ಜನ ಬಳಸುತ್ತಿದ್ದರು. ಆದರೂ 2024ರ ಜುಲೈಯಲ್ಲಿ ಅದು ಮುಚ್ಚಿತು.

ನನ್ನ ಗಮನ ಸೆಳೆದದ್ದು ಮುಚ್ಚಿದ ರೀತಿ. ದೊಡ್ಡ ಕಂಪೆನಿಗಳ ಜೊತೆಗಿನ ಮಾತುಕತೆ ಫಲಿಸಲಿಲ್ಲ, ತಂತ್ರಜ್ಞಾನದ ಖರ್ಚು ಭರಿಸಲಾಗಲಿಲ್ಲ, ದೀರ್ಘಕಾಲದ ಬಂಡವಾಳ ಬೇಕಿತ್ತು ಎಂದು ಸ್ಥಾಪಕರೇ ಬಹಿರಂಗವಾಗಿ ಬರೆದರು. ಮುಂದೆ ಆ ದಾರಿಯಲ್ಲಿ ನಡೆಯುವವರಿಗೆ ಅದೇ ದೊಡ್ಡ ಉಪಕಾರ.

ಅಂಗಡಿ ಇಟ್ಟ ಮನೆಯವರಿಗೆ ಇದು ಬೇಗ ಅರ್ಥವಾಗಬೇಕು. ಅಂಗಡಿಯ ಮುಂದೆ ಜನ ತುಂಬಿದರೆ ಗಲ್ಲಾಪೆಟ್ಟಿಗೆ ತುಂಬಿತು ಎಂದಲ್ಲ. ನನ್ನ ಉಪ್ಪ ಗಿರಾಕಿಗಳನ್ನು ಎಣಿಸಿದ್ದು ನಾನು ನೋಡಿಲ್ಲ. ರಾತ್ರಿ ಶಟರ್ ಎಳೆದ ಮೇಲೆ ಎಣಿಸುತ್ತಿದ್ದುದು ದುಡ್ಡನ್ನು, ಬರಬೇಕಾದ ಸಾಲವನ್ನು. ಆ್ಯಪ್ ಇರಲಿ, ಕಿರಾಣಿ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ.

ಆದರೆ ಒಂದು ವ್ಯತ್ಯಾಸವಿದೆ. ಅವರ ಹಿಂದೆ ಇದ್ದದ್ದು ನಷ್ಟ ತಾಳಬಲ್ಲ ಹೂಡಿಕೆ ಸಂಸ್ಥೆಗಳು. ನಮ್ಮ ಹುಡುಗರ ಹಿಂದೆ ಇರುವುದು ಉಮ್ಮನ ಬಳೆ, ಹೆಂಡತಿಯ ಚಿನ್ನ, ದಮ್ಮಾಮ್‌ನಲ್ಲಿ ದುಡಿಯುವ ಅಣ್ಣನ ಉಳಿತಾಯ. ಆದ್ದರಿಂದ ಶುರು ಮಾಡುವ ಮೊದಲೇ ಮನೆಯಲ್ಲಿ ಕುಳಿತು ಬರೆದಿಡಬೇಕು: ಎಷ್ಟು ಹೋದರೆ ನಿಲ್ಲಿಸುವುದು, ಯಾವ ತಿಂಗಳಿಗೆ ನಿಲ್ಲಿಸುವುದು, ನಷ್ಟವಾದರೆ ಯಾರ ಪಾಲಿಗೆ ಎಷ್ಟು. "ಇನ್ನೊಂದು ಲಕ್ಷ ಹಾಕಿದರೆ ಸರಿಯಾಗುತ್ತದೆ" ಎಂಬ ಮಾತಿಗೆ ಆ ಕಾಗದವೇ ಉತ್ತರ ಹೇಳಲಿ.

ಡಿಪ್ಲೊಮಾದಲ್ಲಿ ನಮಗೆ ಕಲಿಸಿದ್ದು ಇಷ್ಟೇ: ಶಾಫ್ಟ್ ಮುರಿದರೆ ತಕ್ಷಣ ಗುಜರಿಗೆ ಹಾಕಬೇಡಿ, ಮುರಿದ ಜಾಗ ನೋಡಿ. ಒಮ್ಮೆಗೇ ಭಾರ ಹೆಚ್ಚಾಗಿ ತುಂಡಾಯಿತೋ, ಸಣ್ಣ ಬಿರುಕು ದಿನವೂ ಬೆಳೆದು ತುಂಡಾಯಿತೋ ಎಂದು ಅಲ್ಲಿ ತಿಳಿಯುತ್ತದೆ. ನೋಡದೆ ಹೊಸದು ಹಾಕಿದರೆ ಅದೂ ಮುರಿಯುತ್ತದೆ.

ಸೋತು ಮನೆಗೆ ಬಂದ ಮಗನನ್ನು "ಎಷ್ಟು ಹೋಯಿತು?" ಎಂದು ಕೇಳುವವರು ಬೇಕಾದಷ್ಟು ಇದ್ದಾರೆ. ಮನೆಯವರಾದರೂ "ಎಲ್ಲಿ ಮುರಿಯಿತು?" ಎಂದು ಕೇಳಲಿ.