ಸಮ್ಮತಿ ಅವರದು, ಕೊಳಚೆ ನಮ್ಮದು



ಬೆಂಗಳೂರಿನ ಅಂಚಿನಲ್ಲಿ, ಒಳಚರಂಡಿ ಇನ್ನೂ ಬಾರದ ಕಡೆ, 500 ಮನೆಗಳ ಅಪಾರ್ಟ್‌ಮೆಂಟ್ ಏಳುತ್ತದೆ ಅಂತಿಟ್ಟುಕೊಳ್ಳಿ. ಮನೆಗೆ ನಾಲ್ಕು ಜನ. ತಲೆಗೆ ದಿನಕ್ಕೆ 135 ಲೀಟರ್ ನೀರು ಅನ್ನೋದು ಸರ್ಕಾರದ್ದೇ ಲೆಕ್ಕ. ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ಕೊಳಚೆಯಾದರೂ ದಿನಕ್ಕೆ 2 ಲಕ್ಷ 16 ಸಾವಿರ ಲೀಟರ್. ಇದು ಎಲ್ಲಿಗೆ ಹೋಗಬೇಕು? ನೀರಿಗೆ ಇಳಿಜಾರು ಗೊತ್ತು, ಕಾಯ್ದೆ ಗೊತ್ತಿಲ್ಲ. ರಾಜಕಾಲುವೆ ಹಿಡಿದು ನಿಮ್ಮೂರ ಕೆರೆಗೆ ಬರುತ್ತದೆ.

ಹಾಗಾದರೆ ಕಾಯ್ದೆ ಇಲ್ಲವೇ? ಇದೆ. 1974ರ ಜಲ ಮಾಲಿನ್ಯ ಕಾಯ್ದೆ. ಅದರ 25ನೇ ಕಲಮಿನಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯಿಲ್ಲದೆ ಕೊಳಚೆ ಶುದ್ಧಿ ಘಟಕ ಕಟ್ಟುವಂತಿಲ್ಲ, ಕೊಳಚೆ ಹೊರಬಿಡುವಂತಿಲ್ಲ. ಕಟ್ಟುವ ಮುಂಚೆ ಒಂದು ಸಮ್ಮತಿ, ನಡೆಸುವ ಮುಂಚೆ ಇನ್ನೊಂದು. ಭೇಷ್! ಆದರೆ ಅದೇ ಕಲಮಿನ ಏಳನೇ ಉಪಕಲಮು ಓದಿ. ಸರಿಯಾಗಿ ತುಂಬಿದ ಅರ್ಜಿ ಬಂದು ನಾಲ್ಕು ತಿಂಗಳಾದರೂ ಮಂಡಳಿ ಕೊಡಲೂ ಇಲ್ಲ, ನಿರಾಕರಿಸಲೂ ಇಲ್ಲ ಅಂದರೆ ಸಮ್ಮತಿ ಸಿಕ್ಕಂತೆಯೇ ಲೆಕ್ಕ. ಅದೂ ಯಾವ ಷರತ್ತೂ ಇಲ್ಲದೆ! ಪಹಣಿ ತಿದ್ದುಪಡಿಗೆ ನೀವು ವರ್ಷಗಟ್ಟಲೆ ಅಲೆದಿದ್ದೀರಲ್ಲ, ಸುಮ್ಮನಿದ್ದದ್ದೇ ಒಪ್ಪಿಗೆ ಅಂತ ಯಾವ ತಹಸೀಲ್ದಾರ ಅಂದಿದ್ದಾನೆ?

ಇನ್ನು ನಡೆಸೋದು ಯಾರು? ಮನೆ ಮಾರಾಟವಾಗೋ ತನಕ ಬಿಲ್ಡರ್, ಆಮೇಲೆ ನಿವಾಸಿಗಳ ಸಂಘ. ಕೊಳಚೆ ತಿನ್ನುವ ಸೂಕ್ಷ್ಮಾಣುಗಳಿಗೆ ಗಾಳಿ ಬೇಕು, ಅದನ್ನು ಊದುವ ಮೋಟಾರು ಹಗಲೂ ರಾತ್ರಿ ಓಡಬೇಕು. ಕರೆಂಟ್ ಬಿಲ್ಲಿಗೆ ಹೆದರಿ ನಿಲ್ಲಿಸಿದರೆ ಹತ್ತನೇ ಮಹಡಿಯವರಿಗೆ ವಾಸನೆ ಮುಟ್ಟೋದಿಲ್ಲ. ಲಿಫ್ಟ್ ನಿಂತರೆ ಆ ಸಂಘದಲ್ಲಿ ಕೂಗಾಟವಾಗುತ್ತದೆ. ಮೋಟಾರು ನಿಂತರೆ ಕೂಗಬೇಕಾದವರು ಕೆಳಗಿನ ಹಳ್ಳಿಯಲ್ಲಿದ್ದಾರೆ, ಅವರು ಸಂಘದ ಸದಸ್ಯರಲ್ಲ.

2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಬಿದ್ದಾಗ ದೇಶವೆಲ್ಲ ನೋಡಿತು. ವೃಷಭಾವತಿಯ ಕೊಳಚೆ ದಶಕಗಳಿಂದ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬೀಳುತ್ತಿದೆ, ಅದನ್ನು ನೋಡಿದವರೆಷ್ಟು? ಕೆರೆ ಕೆಟ್ಟರೆ ಬಾವಿ ಕೆಡುತ್ತದೆ, ಬಾವಿ ಕೆಟ್ಟರೆ ಬೋರ್‌ವೆಲ್, ಬೋರ್‌ವೆಲ್ಲಿಗೆ ಸಾಲ. ಬಡ್ಡಿ ಕಟ್ಟೋನು ರೈತ. ಮಂಡಿಗೆ ಸೊಪ್ಪು ಒಯ್ದರೆ "ಕೊಳಚೆ ನೀರಿಂದು" ಅಂತ ಬೆಲೆ ಇಳಿಸೋರು ಅದೇ ಪಟ್ಟಣದವರು. ಕೊಳಚೆ ಯಾರದು ಸ್ವಾಮಿ?

ಶುದ್ಧವಾದ ನೀರು ಬೇಡ ಅಂತ ನಾವು ಅಂದಿಲ್ಲ. ಕೋಲಾರದ ರೈತರು ಕೇಳಿದ್ದೂ ಅದನ್ನೇ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿದು ಎರಡು ತಿಂಗಳು ತುಂಬುವ ಮೊದಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು!

ಆ ಏಳನೇ ಉಪಕಲಮು ಹೋಗಬೇಕು. ನೀರು ಇಳಿಯುವ ಊರಿನ ಪಂಚಾಯಿತಿ ಒಪ್ಪದೆ ಸಮ್ಮತಿ ಕೊಡಕೂಡದು. ಘಟಕ ನಡೆಸುವ ಖರ್ಚಿಗೆ ಬಿಲ್ಡರ್ ಮುಂಗಡ ಠೇವಣಿ ಇಡಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಸಮ್ಮತಿಯ ಷರತ್ತುಗಳನ್ನು ಮಂಡಳಿ ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು, ಬಾಧೆಗೊಳಗಾದ ಯಾರು ಬೇಕಾದರೂ ಅದನ್ನು ನೋಡಬಹುದು. ಇದೂ 25ನೇ ಕಲಮಿನಲ್ಲೇ ಇದೆ. ಹತ್ತು ಜನ ಕೂಡಿ ಹೋಗಿ, ತೋರಿಸಿ ಅನ್ನಿ. ಷರತ್ತು ಮುರಿದಿದ್ದರೆ 49ನೇ ಕಲಮಿನ ಕೆಳಗೆ ನೋಟಿಸು ಕೊಡಿ. 60 ದಿನ ಕಳೆದ ಮೇಲೆ ನೀವೇ ನ್ಯಾಯಾಲಯಕ್ಕೆ ದೂರು ಒಯ್ಯಬಹುದು. ನೋಟಿಸಿನ ನಕಲಿಗೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಂಡೇ ಹೊರಡಿ.