ಹಗುರವಾದ ಕೆಲಸ, ಹಂಚಿಕೆಯಾಗದ ಹೊರೆ

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಸಮಯ ಬಳಕೆ ಸಮೀಕ್ಷೆಯು ನಮ್ಮ ಮನೆಗಳ ಒಳಬಾಳನ್ನು ನಿಮಿಷಗಳ ಲೆಕ್ಕದಲ್ಲಿ ತೆರೆದಿಟ್ಟಿದೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಪುರುಷರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಇವು ಕ್ರಮವಾಗಿ 299 ಮತ್ತು 97 ಆಗಿದ್ದವು. ಮಹಿಳೆಯರ ಹೊರೆ ಹತ್ತು ನಿಮಿಷ ಇಳಿಯಿತೆಂದು ಸಮಾಧಾನಪಡುವವರು ಎರಡನೆಯ ಅಂಕಿಯನ್ನೂ ಗಮನಿಸಬೇಕು. ಆ ಹತ್ತು ನಿಮಿಷ ಪುರುಷರ ಹೆಗಲಿಗೇರಿಲ್ಲ. ಅವರ ಪಾಲೂ ಒಂಬತ್ತು ನಿಮಿಷ ಕುಗ್ಗಿದೆ! ಅಡುಗೆ ಅನಿಲ, ನಲ್ಲಿಯ ನೀರು, ಮಿಕ್ಸರ್‌ಗಳು ಕೆಲಸವನ್ನು ಹಗುರಗೊಳಿಸಿರಬಹುದು, ಹಂಚಿಕೊಟ್ಟಿಲ್ಲ. ಅದೂ ಇದು ಕೈಹಾಕುವ ಗಂಡಸರ ಲೆಕ್ಕ ಮಾತ್ರ. 2019ರಲ್ಲಿ ಅಂಥವರು ನೂರಕ್ಕೆ 26 ಮಂದಿ, ಮಹಿಳೆಯರು 81.

ಗೃಹಿಣಿಯ ದುಡಿಮೆಗೆ ಆರ್ಥಿಕ ಮೌಲ್ಯವುಂಟೆಂದು ಸರ್ವೋಚ್ಚ ನ್ಯಾಯಾಲಯವು 2021ರ ಜನವರಿಯಲ್ಲಿ ಒತ್ತಿ ಹೇಳಿದ್ದು ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ. ಎಂದರೆ, ಆಕೆ ತೀರಿಹೋದ ಬಳಿಕ. ಬದುಕಿರುವಾಕೆಗೆ ನಮ್ಮ ರಾಜ್ಯವು 2023ರಿಂದ ಗೃಹಲಕ್ಷ್ಮಿ ಯೋಜನೆಯಡಿ ತಿಂಗಳಿಗೆ 2000 ರೂಪಾಯಿ ನೀಡುತ್ತಿದೆ. ಆ ಹಣ ಅನೇಕ ಮನೆಗಳಲ್ಲಿ ಔಷಧಿಗೋ ಮಕ್ಕಳ ಶುಲ್ಕಕ್ಕೋ ಒದಗುತ್ತಿರುವುದನ್ನು ಲಘುವಾಗಿ ಕಾಣಲಾಗದು. ಆದರೆ ಸರ್ಕಾರಿ ಕಡತದಲ್ಲಿ ‘ಯಜಮಾನಿ’ ಎನಿಸಿಕೊಂಡಾಕೆಯೇ ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದ ಅನ್ನ ಬಡಿಸಿಕೊಳ್ಳುತ್ತಾಳೆ. ಹಣದ ವರ್ಗಾವಣೆಯಾಯಿತೇ ಹೊರತು ಕೆಲಸದ ವರ್ಗಾವಣೆಯಾಗಲಿಲ್ಲ.

ಸಮೀಕ್ಷೆಯು ಆರು ವರ್ಷದಿಂದ ಮೇಲ್ಪಟ್ಟವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿದೆ. ಶಾಲೆಯಿಂದ ಬಂದ ಅಕ್ಕನ ಕೈಗೆ ಪೊರಕೆ, ತಮ್ಮನ ಕೈಗೆ ಬ್ಯಾಟು ಬರುವುದು ಹೆಚ್ಚುಕಡಿಮೆ ಆ ವಯಸ್ಸಿನಲ್ಲಿಯೇ.